ಕೃಷ್ಣಾನಂದನ ಬಾಯಿಪಾಠ

ಪುಸ್ತಕ ತೆರೆದರೆ ಸಾಕು, ಕೃಷ್ಣಾನಂದನಿಗೆ ನಿದ್ದೆ. ಎದುರಿಗೆ ನಾನು ಕೂತಿದ್ದರೂ ನಿದ್ದೆ! ಹುಡುಗಿಯೊಬ್ಬಳಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ ಹೇಳಿ.

ಆಗಲೇ ಎರಡು ಸಲ ಎಸ್ಸೆಸ್ಸೆಲ್ಸಿ ಫೇಲಾದವನು. ಅವನ ಅಮ್ಮ ಸಣ್ಣಮ್ಮ ಬಾಡ ಊರಿನ ನಮ್ಮ ಮನೆಗೆ ಹೆಣ್ಣು ಕೇಳಲು ಬಂದಾಗ ಅಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟ: "ಈ ಸಲ ಪಾಸಾದ್ರೆ ಗಣಪಿ ನಿಮ್ಮನೆಗೆ. ಇಲ್ಲಾಂದ್ರೆ ಹೊನ್ನಾವರದ ಬ್ಯಾಂಕಿನ ಜವಾನಂಗೆ."

ಹಾಗಾಗಿ ಕಲಿಸುವ ಕೆಲಸ ನನ್ನ ತಲೆಗೆ ಬಂತು. ನಾನು ಪಾಸಾದದ್ದು ಮೂಲೆಯಲ್ಲಿ ಕೂತು, ಬಾಯಿ ಬಿಡದೆ ಓದಿ. ಅವನನ್ನೂ ಹಾಗೇ ಕೂರಿಸಿದೆ. ಗೊರಕೆ ಬಂತು.

ಒಂದು ಮಧ್ಯಾಹ್ನ ಸಿಟ್ಟು ತಡೆಯದೆ ವಿಜ್ಞಾನದ ಪಾಠವನ್ನು ಗಟ್ಟಿಯಾಗಿ ಓದಿದೆ. ಅವನು ಅಂಗಳದಲ್ಲಿ ಹರಿದ ಬಲೆ ಸರಿಮಾಡುತ್ತ ಕೂತಿದ್ದ. ಮರುದಿನ ಕೇಳಿದರೆ ಹೃದಯದ ನಾಲ್ಕೂ ಕೋಣೆಗಳನ್ನು ತಡವರಿಸದೆ ಹೇಳಿದ!

"ಎಂತ ಮಾರಾಯಾ, ಯಾವಾಗ ಓದಿದೆ?"

"ಓದ್ಲಿಲ್ಲ. ನೀನು ಹೇಳಿದ್ದು ಕಿವಿಯಲ್ಲೇ ಉಳೀತು."

ಅವನಿಗೆ ಕಣ್ಣಿನಿಂದಲ್ಲ, ಕಿವಿಯಿಂದ ಪಾಠ ಹತ್ತುತ್ತದೆ, ಅದೂ ಕೈಗೆ ಕೆಲಸವಿದ್ದರೆ. ಅಂದಿನಿಂದ ನಾನು ಓದುವುದು, ಅವನು ಬಲೆ ಹಿಡಿದುಕೊಂಡೇ ತಿರುಗಿ ಹೇಳುವುದು. ಕೇಳುವಾಗ ನನ್ನ ತುಟಿಯನ್ನೇ ನೋಡುತ್ತಿದ್ದ.

"ಬಲೆ ನೋಡು."

"ಪಾಠ ಬಲೆಯಿಂದ ಬತ್ತದ್ಯಾ?"

ಬೈಯುತ್ತಿದ್ದೆ. ಬೈದು, ಇನ್ನೊಂದು ಪುಟ ಹೆಚ್ಚಿಗೆ ಓದುತ್ತಿದ್ದೆ. ಸುಖವೆಂದರೆ ಅದೇ ಎಂದು ನನಗೆ ಗೊತ್ತಿತ್ತು.

"ಹೇಳಿದ್ದನ್ನ ಬರಿ ಮಾರಾಯಾ. ಪರೀಕ್ಷೆಲಿ ಬಾಯಿ ನಡೀದಿಲ್ಲ. ಎಲ್ಲ ಸರಿಯಾಗಿ ಬರೆದು ತೋರಿಸಿದ್ರೆ ನನ್ನ ಕೆಲಸ ಮುಗೀತು" ಎಂದು ದಿನವೂ ಹೇಳಿದೆ.

"ಆತು, ಮನೇಲಿ ಬರೀತೆ. ಈಗ ಮುಂದಿಂದು ಓದು."

ನಂಬಿದೆ.

ಕುಮಟೆಯಲ್ಲಿ ಪರೀಕ್ಷೆ. ಮೊದಲ ದಿನವೇ ಅವನು ಮುಖ ಇಳಿಸಿಕೊಂಡು ಬಸ್ಸಿನಿಂದ ಇಳಿದ. ಹೇಳಿಕೊಳ್ಳುತ್ತ ಬರೆಯಲು ಹೋದನಂತೆ. ಮೇಷ್ಟ್ರು ಬಾಯಿ ಮುಚ್ಚು ಎಂದರಂತೆ. ಬಾಯಿ ಮುಚ್ಚಿದ್ದೇ ತಡ, ಎಲ್ಲ ಮರೆತುಹೋಯಿತಂತೆ. ಉಳಿದ ದಿನಗಳೂ ಅದೇ ಕತೆ.

ರಿಸಲ್ಟು ಬಂತು. ಫೇಲು. ಅಪ್ಪ ಅದೇ ವಾರ ಹೊನ್ನಾವರಕ್ಕೆ ಹೋಗಿ ಮಾತು ಕೊಟ್ಟು ಬಂದ. ನಾನು ಅತ್ತೆ, ಉಪವಾಸ ಕೂತೆ. ಅಪ್ಪನ ಮನಸ್ಸು ಕರಗಲಿಲ್ಲ.

ಸುದ್ದಿ ಕೇಳಿ ಕೃಷ್ಣಾನಂದ ನಮ್ಮ ಅಂಗಳದ ತುದಿಗೆ ಬಂದು ನಿಂತ.

"ಮನೇಲಿ ಬರೀತೆ ಅಂದ್ಯಲ್ಲ. ಬರೆದಿದ್ಯಾ?" ಎಂದು ಕೇಳಿದೆ.

"ಒಂದು ಸಾಲೂ ಇಲ್ಲ."

"ಎಂತಕ್ಕೆ?"

ಅವನು ನೆಲ ನೋಡಿದ. "ಬರೆದು ತೋರಿಸಿದ್ರೆ ನೀನು ಓದಿ ಹೇಳೂದು ನಿಲ್ಲಿಸ್ತಿದ್ದೆ, ಗಣಪಿ. ನಿನ್ನೆದುರು ಕೂತ್ಕಳೂದು ತಪ್ಪಿಹೋಗ್ತಿತ್ತು. ಅದೊಂದೇ ಆಸೆ ನಂಗೆ."

ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಕೈ ಏಳಲಿಲ್ಲ.

"ಹುಚ್ಚಾ," ಎಂದೆ, "ಬರೆದಿದ್ರೆ ಜನ್ಮಪೂರ್ತಿ ನಿನ್ನೆದುರೇ ಕೂತ್ಕಂತಿದ್ನಲ್ಲೋ."