ಕೊರೆಯದೆ ಹೇಳಿದ ಆರು ಇಂಚು

ಜನವರಿ 14, ಬೆಳಿಗ್ಗೆ 9.40. ಒಂಟಾರಿಯೊದ ಪೈಕ್ ಸರೋವರ ಠಾಣೆಗೆ ಐರೀನ್ ಲಾಹ್ಟಿ ಬಂದು ದೂರು ಕೊಟ್ಟಳು: ನಿನ್ನೆ ಮನೆಯಿಂದ ಲ್ಯಾಪ್‌ಟಾಪ್ ಕಳುವಾಗಿದೆ. ಅದರಲ್ಲಿ ಗಂಡ ಆರ್ವೊನ ಫೋನಿನ ಬ್ಯಾಕಪ್ ಇತ್ತು. ಡಿಸೆಂಬರ್ 20ರಂದು ಸರೋವರದ ಮಂಜುಗಡ್ಡೆ ಒಡೆದು ಆರ್ವೊ ಮುಳುಗಿ ಸತ್ತಿದ್ದ. ಫೋನೂ ಅವನ ಜೊತೆಗೇ ಹೋಗಿತ್ತು.

"ಬ್ಯಾಕಪ್‌ನಲ್ಲಿ ಏನಿತ್ತು?" ಸಾರ್ಜೆಂಟ್ ಕ್ಲೋಡೆಟ್ ರಿವಾರ್ ಕೇಳಿದಳು.

"ಎಲ್ಲಿ ನೋಡೋದು ಮೇಡಂ? ಪಾಸ್‌ವರ್ಡ್ ಕೇಳುತ್ತೆ. ಅವ್ರು ನಂಗೆ ಹೇಳಿದ್ರು, ನಾನು ಮರ್ತೆ. ಹುಟ್ಟಿದ ದಿನ, ಮದುವೆ ದಿನ, ನಾಯಿ ಹೆಸರು, ಅರವತ್ತೊಂದು ಸಲ ಹೊಡ್ದೆ. ಇವತ್ತು ಪಟ್ಟಣದಿಂದ ಅದನ್ನ ತೆಗೆಯೋನು ಬರ್ಬೇಕಿತ್ತು. ಕುಡಿದು ಹೋಗಿ ಮುಳುಗಿದ ಅಂತ ಊರೆಲ್ಲ ಆಡ್ಕೊಳ್ತಿದೆ. ಐಸ್ ಗಟ್ಟಿಯಿದೆ ಅಂತ ಯಾರಾದ್ರೂ ಹೇಳ್ದೆ ಅವ್ರು ಕಾಲಿಡೋರಲ್ಲ. ಅದು ಗೊತ್ತಾಗ್ಬೇಕು ನಂಗೆ."

10.30ಕ್ಕೆ ಸ್ಥಳ ಮಹಜರು. ಬೀಗ ಒಡೆದಿರಲಿಲ್ಲ, ಕೀಲಿ ಸೌದೆ ರಾಶಿಯ ಹಿಂದಿನ ಡಬ್ಬದಲ್ಲೇ ಇತ್ತು. ಕಾನ್‌ಸ್ಟೇಬಲ್ ವೆಸ್ ಹಿತ್ತಲನ್ನೂ ಬಿಡದೆ ಬರೆದುಕೊಂಡ: ಮಂಜುಗಡ್ಡೆಯ ಮೇಲೆ ಎಳೆದೊಯ್ದು ಮೀನು ಹಿಡಿಯುವ ಗುಡಿಸಲು ಒಂದು, ಗೋಡೆಯ ಮೇಲೆ ನೋಂದಣಿ ಸಂಖ್ಯೆ 70418.

"ಇವತ್ತು ಪಟ್ಟಣದಿಂದ ಅದನ್ನ ತೆಗೆಯೋನು ಬರೋದು ಯಾರಿಗೆ ಗೊತ್ತಿತ್ತು?" ಕ್ಲೋಡೆಟ್ ಕೇಳಿದಳು.

"ಟೋಯ್ವೊಗೆ ಮಾತ್ರ. ದಿನಾ ಮೀನಿನ ಸಾರು ತಂದ್ಕೊಡ್ತಾನೆ, ಪಾಪ."

ಟೋಯ್ವೊ ಸಾಲ್ಮಿ ಆರ್ವೊನ ಗೆಳೆಯ. ಮೂವತ್ತು ವರ್ಷದಿಂದ ಚಳಿಗಾಲದ ಮೊದಲ ಮಂಜುಗಡ್ಡೆಯಿಂದ ಹಿಡಿದು ಆಗಾಗ ಕೊರೆದು, ದಪ್ಪ ಅಳೆದು ಊರಿಗೆ ತಿಳಿಸುವವನು ಅವನೇ. ಅವನ ಲೆಕ್ಕ ಬರುವವರೆಗೆ ಯಾರೂ ಸರೋವರಕ್ಕಿಳಿಯುವುದಿಲ್ಲ. ಆದರೆ ಈ ಸಲ ಕ್ರಿಸ್‌ಮಸ್ ಆದ ಮೇಲೆ ಅವನು ಆ ಕೆಲಸವನ್ನೇ ಬಿಟ್ಟಿದ್ದ.

"ಯಾಕಂತೆ?"

"ಭುಜ ನೋವಂತೆ ಮೇಡಂ," ಎಂದ ವೆಸ್.

1.15ಕ್ಕೆ ವಾರಂಟ್ ಹಿಡಿದು ಶೋಧ ನಡೆಯಿತು. ಲ್ಯಾಪ್‌ಟಾಪ್ ಟೋಯ್ವೊನ ಮಂಚದ ಕೆಳಗೆ ಕಂಬಳಿಯಲ್ಲಿ ಸುತ್ತಿಟ್ಟಿತ್ತು.

"ರಿಪೇರಿ ಮಾಡ್ಸೋಣ ಅಂತ ತಂದೆ," ಎಂದ ಅವನು ಠಾಣೆಯಲ್ಲಿ.

"ಹಾಗಾದ್ರೆ ಬಿಟ್ಬಿಡಿ ಮೇಡಂ," ಎಂದಳು ಐರೀನ್. "ದೂರು ವಾಪಸ್ ತಗೋತೀನಿ."

ಒಳ್ಳೆಯ ಹೆಂಗಸು, ಸಾರು ತಂದುಕೊಟ್ಟವನನ್ನು ನಂಬದೆ ಇನ್ನೇನು ಮಾಡಿಯಾಳು! ಕ್ಲೋಡೆಟ್ ಮಾತ್ರ ನಂಬಲಿಲ್ಲ. ಲ್ಯಾಪ್‌ಟಾಪ್ ತೆರೆದಳು, ಬ್ಯಾಕಪ್ ಪಾಸ್‌ವರ್ಡ್ ಕೇಳಿತು. ವೆಸ್ ಮಹಜರಿನ ಹಾಳೆ ತಿರುವಿದ.

"ಈ ಊರ ಗಂಡಸ್ರು ಹೆಂಡ್ತಿ ಹುಟ್ಟಿದ ದಿನ ಮರೀತಾರೆ, ಗುಡಿಸಲ ನಂಬರ್ ಮರೆಯಲ್ಲ ಮೇಡಂ."

70418. ತೆರೆಯಿತು.

"ಅಯ್ಯೋ ದೇವ್ರೇ, ಅಡುಗೆಮನೆ ಕಿಟಕೀಲಿ ದಿನಾ ಅದನ್ನೇ ನೋಡ್ತೀನಲ್ಲ," ಎಂದಳು ಐರೀನ್. ಟೋಯ್ವೊ ತಲೆ ತಗ್ಗಿಸಿದ.

ಡಿಸೆಂಬರ್ 19, ಸಂಜೆ 6.10. ಟೋಯ್ವೊನ ಸಂದೇಶ: 'ಆರು ಇಂಚು. ಹೋಗಬಹುದು.' ಕೆಳಗೆ ಆರ್ವೊನ ಧ್ವನಿ: "ನೀನು ಅಂದ್ಮೇಲೆ ಮುಗೀತು ಕಣೋ. ಬೆಳಿಗ್ಗೆ ಹೋಗ್ತೀನಿ."

"ಕೊರೆದು ನೋಡಿದ್ರಾ?" ಕ್ಲೋಡೆಟ್ ಕೇಳಿದಳು.

"ಇಲ್ಲ. ಭುಜ ಎತ್ತೋಕಾಗ್ಲಿಲ್ಲ. ದಡದಲ್ಲಿ ನಿಂತು ಅಂದಾಜಲ್ಲಿ ಹೇಳ್ದೆ. ಮೂವತ್ತು ವರ್ಷ ತಪ್ಪಿಲ್ಲ ಅನ್ನೋ ಕೊಬ್ಬು."

"ಲ್ಯಾಪ್‌ಟಾಪ್ ಯಾಕೆ ಬಿಸಾಕ್ಲಿಲ್ಲ?"

"ಸರೋವರಕ್ಕೆ ಹಾಕೋಣ ಅಂತಾನೇ ನಿನ್ನೆ ರಾತ್ರಿ ಭುಜ ನೋಯ್ತಿದ್ರೂ ತೂತು ಕೊರೆದೆ. ಐಸ್ ಹದಿನಾಲ್ಕು ಇಂಚಿತ್ತು. ಅವ್ನು ಹೋದ ಕಡೆಗೆ ಅವನ ದನೀನೂ ಹಾಕೋಕೆ ಕೈ ಬರ್ಲಿಲ್ಲ."

2.35ಕ್ಕೆ, ಮನೆಗೆ ನುಗ್ಗಿ ಕಳವು ಮಾಡಿದ ಆರೋಪದ ಮೇಲೆ ಬಂಧನ. ವರದಿಯಲ್ಲಿ ಕಾರಣವೆಂದು ಕ್ಲೋಡೆಟ್ ಬರೆದಳು: ಅಳೆಯದೆ ಕೊಟ್ಟ ಮಾತು ಬಯಲಾಗುವ ಭಯ.

ಐರೀನ್ ಆ ಧ್ವನಿಯನ್ನು ಇನ್ನೊಮ್ಮೆ ಹಾಕಿದಳು. ಹೊರಗೆ ಹೋಗುತ್ತಿದ್ದ ಟೋಯ್ವೊ ಬಾಗಿಲಲ್ಲೇ ನಿಂತ. ತೋಳು ಹಿಡಿದಿದ್ದ ವೆಸ್, ಅದು ಮುಗಿಯುವವರೆಗೆ ಎಳೆಯಲಿಲ್ಲ.