ಸತ್ತ ಆನೆಗೆ ಟಾನಿಕ್

"ಕುಶಲಾ, ನಿನ್ನ ಚಿಕ್ಕಪ್ಪನಿಗೆ ಹೇಳು, ಆ ಸ್ಪ್ಯಾನರ್ ನನಗೆ ಬೇಕು ಅಂತ."

ಅಪ್ಪ ಹೀಗೆ ಹೇಳುವಾಗ ಚಿಕ್ಕಪ್ಪ ಅವರ ಬೆನ್ನ ಹಿಂದೆಯೇ ಇದ್ದ. ಕೈ ಚಾಚಿದರೆ ಸ್ಪ್ಯಾನರ್ ಸಿಗುತ್ತಿತ್ತು. ಆದರೂ ಕುಶಲಾ ಶೆಡ್ಡಿನ ಬಾಗಿಲಿನಿಂದ ಎದ್ದು ಬಂದು, "ಚಿಕ್ಕಪ್ಪ, ಅಪ್ಪನಿಗೆ ಸ್ಪ್ಯಾನರ್ ಬೇಕಂತೆ" ಎಂದಳು.

"ನಿನ್ನ ಅಪ್ಪನಿಗೆ ಹೇಳು, ನನ್ನ ಕೆಲಸ ಮುಗಿದ ಮೇಲೆ ಕೊಡ್ತೇನೆ ಅಂತ."

ಕುಶಲಾ ತಿರುಗಿ ನಿಂತು ಅದನ್ನೂ ಹೇಳಿದಳು. ಐದನೇ ಕ್ಲಾಸಿನಲ್ಲಿ ಅವಳೂ ಗೆಳತಿ ಆನಿಯೂ ಠೂ ಬಿಟ್ಟರೆ ಅದು ಊಟದ ಬೆಲ್ಲಿನವರೆಗೆ ಬಾಳುವುದೇ ಕಷ್ಟ. ಮಾವಿನ ಉಪ್ಪಿನಕಾಯಿ ಯಾರ ಡಬ್ಬಿಯಲ್ಲಿದೆ ಎಂದು ಗೊತ್ತಾದ ಕೂಡಲೇ ರಾಜಿ. ಮೀಸೆ ಬಂದ ಈ ಇಬ್ಬರ ಠೂ ಮಾತ್ರ ವಾರಗಟ್ಟಲೆ ನಡೆದಿತ್ತು.

ಜಗಳಕ್ಕೆ ಕಾರಣ ಮನೆಯ ಹಿಂದಿನ ಶೆಡ್ಡಿನಲ್ಲಿದ್ದ ಎರಡು ಮಿಲ್ಲಿಂಗ್ ಮೆಷೀನುಗಳು. ಕಬ್ಬಿಣದ ತುಂಡನ್ನು ಮೆಷೀನಿನ ಮೇಜಿಗೆ ಬಿಗಿದರೆ, ಗಿರಗಿರ ತಿರುಗುವ ಕಟರ್ ಅದನ್ನು ಕೆರೆದು ಬೇಕಾದ ಆಕಾರಕ್ಕೆ ತರುತ್ತದೆ. ಒಂದು ಮೆಷೀನು ಅಜ್ಜನ ಕಾಲದ್ದು. ಅದರ ಮೇಜನ್ನು ಅತ್ತಿತ್ತ ಸರಿಸಲು ಕೈಯಿಂದ ಚಕ್ರ ತಿರುಗಿಸಬೇಕು. ಇನ್ನೊಂದು, ಬೆಂಗಳೂರಿನ ಮುಚ್ಚಿಹೋದ ಕಾರ್ಖಾನೆಯೊಂದರ ಏಲಂನಲ್ಲಿ ಅಪ್ಪ ಹಿಡಿದು ತಂದ ಸಿ.ಎನ್.ಸಿ. ಅಂದರೆ, ಪಕ್ಕದ ಕಪಾಟಿನೊಳಗಿನ ಕಂಪ್ಯೂಟರ್ ಹೇಳಿದ ಹಾಗೆ ತನ್ನಷ್ಟಕ್ಕೆ ತಾನೇ ಓಡುವ ಮೆಷೀನು. ಓಡಿದರೆ.

ಅದು ಲಾರಿಯಲ್ಲಿ ಬಂದ ದಿನ ಮಣ್ಣಗುಡ್ಡದ ಅರ್ಧ ಜನ ಅವರ ಅಂಗಳದಲ್ಲಿದ್ದರು. ಅಪ್ಪ, ಎಂದರೆ ತಾರಾನಾಥ ಶೆಟ್ಟರು, ಇಸ್ತ್ರಿಯ ಶರ್ಟು ತೊಟ್ಟು, ಮೆಷೀನಿಗೆ ಮಲ್ಲಿಗೆ ಮಾಲೆ ಹಾಕಿ ತೆಂಗಿನಕಾಯಿ ಒಡೆದರು. ಕೈಯಲ್ಲಿ ಚಕ್ರ ತಿರುಗಿಸುವ ಕಾಲ ಮುಗಿಯಿತು, ಇನ್ನು ಪಣಂಬೂರು ಬಂದರಿನ ಕೆಲಸವೆಲ್ಲ ನಮ್ಮ ಶೆಡ್ಡನ್ನೇ ಹುಡುಕಿಕೊಂಡು ಬರುತ್ತದೆ ಎಂದು ಸಣ್ಣದೊಂದು ಭಾಷಣವನ್ನೂ ಬಿಗಿದರು. ಕಪಾಟಿನ ಪುಟ್ಟ ಪರದೆ ನೋಡಿ ಪಕ್ಕದ ಮನೆಯ ಗುಲಾಬಿಯಕ್ಕ, ಇದರಲ್ಲಿ ಭಾನುವಾರದ ಸಿನಿಮಾ ಬರುತ್ತದಾ ಎಂದು ಕೇಳಿದರು. ಅಪ್ಪ ದೊಡ್ಡ ಮನಸ್ಸಿನಿಂದ ನಕ್ಕು ಸ್ವಿಚ್ ಒತ್ತಿದರು.

ಪರದೆಯಲ್ಲಿ ಹಸಿರು ಸೊನ್ನೆಯೊಂದು ಮೂಡಿತು. ಕಪಾಟಿನೊಳಗೆ ಚಿರ್ ಎಂದಿತು. ಸುಟ್ಟ ವಾಸನೆ ಬಂತು, ಸೊನ್ನೆ ಹೋಯಿತು, ಒಳಗಿಂದ ಹಲ್ಲಿಯೊಂದು ಹೊರಬಂದು ಮಲ್ಲಿಗೆ ಮಾಲೆಯ ಮೇಲೆ ಕುಳಿತಿತು.

ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪನಿಗೆ ಹಲ್ಲಿಯ ಮೇಲೆ ಸಿಟ್ಟು ಬರಲಿಲ್ಲ, ತಮ್ಮನ ಮೇಲೆ ಬಂತು.

ಚಿಕ್ಕಪ್ಪ ಚಿತ್ತರಂಜನ ಡಿಪ್ಲೊಮಾ ಓದಿದವನು. ಆ ಕಂಪ್ಯೂಟರಿನ ಬಿಡಿಭಾಗಗಳು ಈಗ ಎಲ್ಲೂ ಸಿಗುವುದಿಲ್ಲ, ಅದರ ರಿಪೇರಿಗೆ ಕೂರುವುದು ಮಂಡೆ ಇಲ್ಲದ ಕೆಲಸ ಎಂದು ಅವನ ವಾದ. ಅದರ ಬದಲು ಅಜ್ಜನ ಮೆಷೀನಿನ ಚಕ್ರ ಬಿಚ್ಚಿ ಆ ಜಾಗಕ್ಕೆ ಮೋಟಾರು ಕೂರಿಸಿದರೆ, ತಾನು ಮಾಡುವ ಸಣ್ಣ ಕಂಪ್ಯೂಟರ್ ಅದನ್ನು ಓಡಿಸುತ್ತದೆ ಎಂದ. ಒಂದು ಭಾನುವಾರ ಓಡಿಸಿಯೂ ತೋರಿಸಿದ. ಮೇಜು ಮದುಮಗನ ಠೀವಿಯಲ್ಲಿ ಹೊರಟಿತು. ಆದರೆ ಅದನ್ನು ಸರಿಸುವ ಉದ್ದನೆಯ ತಿರುಪು ವರ್ಷಗಟ್ಟಲೆ ಸವೆದು ಸಡಿಲವಾಗಿತ್ತು. ನಿಲ್ಲಬೇಕಾದಲ್ಲಿ ಮೇಜು ನಿಲ್ಲಲಿಲ್ಲ. ಕಬ್ಬಿಣದ ತುಂಡು ಹೋಗಿ ಕಟರಿಗೆ ಗುದ್ದಿತು, ಕಟರ್ ಎರಡು ತುಂಡಾಯಿತು.

ಈ ಸಲ ನಕ್ಕವರು ಅಪ್ಪ. ಅಂದಿನಿಂದ ಮಾತು ಬಂದ್.

ಇಬ್ಬರ ನಡುವೆ ಮಾತು ಒಯ್ಯುವ ಕೆಲಸ ಕುಶಲಾಳ ಪಾಲಿಗೆ ಬಂತು. ಎಮ್ಮೆಗೆ ಬೂಟು ಹಾಕಿದರೆ ಅದು ಕುದುರೆಯಾಗುವುದಿಲ್ಲ ಎಂದು ಅಪ್ಪ ಹೇಳಿ ಕಳುಹಿಸಿದರೆ, ಸತ್ತ ಆನೆಗೆ ಟಾನಿಕ್ ಕುಡಿಸುವವರ ಹತ್ತಿರ ತಾನು ಮಾತಾಡುವುದಿಲ್ಲ ಎಂದು ಚಿಕ್ಕಪ್ಪ ಉತ್ತರ ಕೊಡುತ್ತಿದ್ದ. ಅವಳಿಗೆ ಮೊದಮೊದಲು ಬೇಸರವಾಗುತ್ತಿತ್ತು. ಆಮೇಲೆ ಮಜಾ ಬರತೊಡಗಿತು. ಅಪ್ಪ ಐಸ್‌ಕ್ಯಾಂಡಿ ಕೊಡಿಸಿದರು, ಚಿಕ್ಕಪ್ಪ ಹೋಟೆಲಿನಿಂದ ಗೋಳಿಬಜೆ ತಂದ. ಅಷ್ಟರವರೆಗೆ ಶೆಡ್ಡಿನಲ್ಲಿ ಅವಳಿಗಿದ್ದದ್ದು ಅಡ್ಡ ಬರಬೇಡ ಎಂದು ಬೈಸಿಕೊಳ್ಳುವ ಕೆಲಸ ಒಂದೇ. ಈಗ ಅವಳಿಲ್ಲದೆ ಒಂದು ಸ್ಪ್ಯಾನರ್ ಕೂಡ ಅಲುಗುತ್ತಿರಲಿಲ್ಲ.

ಹಾಗಾಗಿ, ಶುಕ್ರವಾರ ಸಂಜೆ ಮನೆಯೊಳಗೆ ಹೊರಟ ಅಪ್ಪ ಮೆಲ್ಲಗೆ, "ಚಹಾ ತಣ್ಣಗಾಗ್ತದೆ, ಕುಡಿಯಲಿಕ್ಕೆ ಹೇಳು ಅವನಿಗೆ" ಎಂದಾಗ ಕುಶಲಾಳಿಗೆ ನಿರಾಶೆಯಾಯಿತು. ಚಹಾದ ಸುದ್ದಿಯಲ್ಲಿ ಎಂತ ಮಜಾ ಉಂಟು? ಬಾಗಿಲಿನಿಂದ ಮೆಷೀನಿನವರೆಗೆ ಹೋಗುವಷ್ಟರಲ್ಲಿ ಅವಳು ಬೇರೆಯೇ ಮಾತು ಕಟ್ಟಿದಳು.

"ಚಿಕ್ಕಪ್ಪ, ನೀವು ಡಿಪ್ಲೊಮಾ ಓದಿ ಪಾಸಾದದ್ದಾ, ದೇವರಿಗೆ ಹರಕೆ ಹೇಳಿ ಪಾಸಾದದ್ದಾ ಅಂತ ಅಪ್ಪ ಕೇಳಿದರು."

ಖಾರದ ಉತ್ತರಕ್ಕಾಗಿ ಅವಳು ಕಾದಳು. ಚಿಕ್ಕಪ್ಪ ಕೈ ಒರೆಸಿಕೊಂಡು ಹೊರಗೆ ಹೋದ.

ಮರುದಿನ ಅವಳು ಬೆಳಗಿನ ಶಾಲೆ ಮುಗಿಸಿ ಬರುವಾಗ ಅಂಗಳದಲ್ಲಿ ಸಾಮಾನು ಸಾಗಿಸುವ ಬೊನಿಫಾಸನ ಟೆಂಪೊ ನಿಂತಿತ್ತು. ಚಿಕ್ಕಪ್ಪ ವಾಮಂಜೂರಿನಲ್ಲಿ ಬೇರೆ ಶೆಡ್ಡು ನೋಡಿದ್ದಾನೆ, ಅಜ್ಜನ ಮೆಷೀನು ಅಲ್ಲಿಗೆ ಹೋಗುತ್ತದೆ ಎಂದು ಬೊನಿಫಾಸ್ ಹೇಳಿದ. ಅದಕ್ಕಾಗಿ ಜಗಳವೇನೂ ಆಗಿರಲಿಲ್ಲ. ಜಗಳವಾಡಲಿಕ್ಕಾದರೂ ಮಾತು ಬೇಕಲ್ಲ.

ಚಿಕ್ಕಪ್ಪ ನೆಲದಲ್ಲಿ ಕುಳಿತು ಮೆಷೀನಿನ ಬೋಲ್ಟು ಬಿಚ್ಚುತ್ತಿದ್ದ. ನಿಜವಾಗಿಯೂ ಹೋಗುತ್ತೀರಾ ಎಂದು ಕುಶಲಾ ಕೇಳಿದಳು.

"ಎಮ್ಮೆ, ಬೂಟು ಅಂದದ್ದಕ್ಕೆ ನನಗೆ ಬೇಸರ ಇಲ್ಲ," ಎಂದ ಚಿಕ್ಕಪ್ಪ, ತಲೆ ಎತ್ತದೆ. "ಡಿಪ್ಲೊಮಾದಲ್ಲಿ ನಾನು ಎರಡು ಸಲ ಫೇಲು. ಅದು ಅಣ್ಣನಿಗೆ ಒಬ್ಬರಿಗೇ ಗೊತ್ತಿದ್ದದ್ದು. ನಮ್ಮ ಅಪ್ಪನಿಗೂ ಹೇಳದೆ ಮುಚ್ಚಿಟ್ಟವರು, ಈಗ ನಿನ್ನ ಬಾಯಲ್ಲಿ ಹೇಳಿಸಿದರು."

ಕುಶಲಾ ಕಣ್ಣು ಮುಚ್ಚಿ ಎಸೆದ ಕಲ್ಲು ನೇರ ಹೋಗಿ ತಾಗಿತ್ತು.

ಬಾಗಿಲಲ್ಲಿ ಅಪ್ಪ ಕೈ ಕಟ್ಟಿ ನಿಂತಿದ್ದರು. "ಕುಶಲಾ, ಅವನಿಗೆ ಹೇಳು, ಒಂದು ನಟ್ಟನ್ನೂ ಬಿಡದೆ ಎಲ್ಲ ತಗೊಂಡು ಹೋಗಲಿ ಅಂತ."

"ನಾನು ಹೇಳುದಿಲ್ಲ, ಅಪ್ಪ." ಅವಳು ಅಪ್ಪನ ಕಡೆ ತಿರುಗಿದಳು. "ನಿನ್ನೆ ನೀವು ಚಹಾಕ್ಕೆ ಕರೆಯಲಿಕ್ಕೆ ಹೇಳಿದ್ರಿ. ನಾನು ಕರೆಯಲಿಲ್ಲ. ಡಿಪ್ಲೊಮಾದ ಮಾತು ನಾನೇ ಮಾಡಿದ್ದು."

ಯಾವ ಡಿಪ್ಲೊಮಾದ ಮಾತು ಎಂದು ಅಪ್ಪನಿಗೆ ಅರ್ಥವಾಗಲಿಲ್ಲ. ಅವಳು ಅಳುತ್ತ, ಹರಕೆಯ ಮಾತನ್ನು ಇನ್ನೊಮ್ಮೆ ಪೂರ್ತಿ ಹೇಳಬೇಕಾಯಿತು.

ಚಿಕ್ಕಪ್ಪ ಎದ್ದು ನಿಂತ. "ಅಣ್ಣ, ಹಾಗಾದರೆ ಅದನ್ನು ನೀವು ಹೇಳಲೇ ಇಲ್ವಾ?"

"ನೀನು ಎರಡು ಸಲ ಫೇಲಾದದ್ದನ್ನು ನಾನು ಇವಳ ಅಮ್ಮನಿಗೂ ಹೇಳಿಲ್ಲ, ಮಾರಾಯ," ಎಂದರು ಅಪ್ಪ.

ಗಟ್ಟಿಯಾಗಿಯೇ ಹೇಳಿದರು. ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದ ಅಮ್ಮನಿಗೂ, ಟೆಂಪೊದಲ್ಲಿದ್ದ ಬೊನಿಫಾಸನಿಗೂ, ಪ್ರಾಯಶಃ ಗುಲಾಬಿಯಕ್ಕನಿಗೂ ಅಂದು ಆ ಗುಟ್ಟು ತಿಳಿಯಿತು.

ಮೆಷೀನು ಏರಿಸುವುದಾ ಬೇಡವಾ ಎಂದು ಬೊನಿಫಾಸ್ ಕೇಳಿದ. ನಿಲ್ಲು ಎಂದು ಇಬ್ಬರೂ ಒಟ್ಟಿಗೆ ಗದರಿದರು. ಆಮೇಲೆ ಶುರುವಾಯಿತು ನೋಡಿ, ಅಷ್ಟು ದಿನ ಕಟ್ಟಿಟ್ಟ ಜಗಳ, ಮುಖಕ್ಕೆ ಮುಖ ಕೊಟ್ಟು. ಆನೆಯ ಮಂಡೆ, ಅಂದರೆ ಆ ಹಳೇ ಕಂಪ್ಯೂಟರ್ ಮಾತ್ರ ಸತ್ತದ್ದು, ಮೈ ಗಟ್ಟಿಯುಂಟು, ಅದರ ತಿರುಪಿನಲ್ಲಿ ಕೂದಲಿನಷ್ಟೂ ಸಡಿಲ ಇಲ್ಲ ಎಂದು ಚಿಕ್ಕಪ್ಪ ಕೂಗಿದ. ಹಾಗಾದರೆ ನಿನ್ನ ಮೋಟಾರು, ನಿನ್ನ ಕಂಪ್ಯೂಟರ್ ಅದಕ್ಕೇ ಕೂರಿಸು, ಅಜ್ಜನ ಮೆಷೀನು ಮೊದಲಿನ ಹಾಗೆ ಕೈಯಲ್ಲೇ ತಿರುಗಲಿ ಎಂದು ಅಪ್ಪ ಅದಕ್ಕಿಂತ ಜೋರಾಗಿ ಕೂಗಿದರು. ಬೊನಿಫಾಸ್ ಚಹಾ ಕುಡಿದು ಖಾಲಿ ಟೆಂಪೊದಲ್ಲಿ ಹೊರಡುವ ಮೊದಲು, ಇದು ತನ್ನದೇ ಐಡಿಯಾ ಎಂದು ಇಬ್ಬರೂ ಬೇರೆಬೇರೆಯಾಗಿ ಅವನ ಕಿವಿಗೆ ಹಾಕಿದರು.

ಕುಶಲಾಳಿಗೆ ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ಅವಳಿಗೆ ಆಮೇಲೆ ಅನ್ನಿಸಿತು.

ಮಳೆಗಾಲ ಶುರುವಾಗುವಾಗ, ಚಿಕ್ಕಪ್ಪನ ಮೋಟಾರು ಕೂರಿಸಿದ ಸಿ.ಎನ್.ಸಿ.ಯ ಮೇಜು ಹೊರಟು, ಗೆರೆ ಹಾಕಿದಲ್ಲಿಯೇ ನಿಂತಿತು. ಆ ಮಧ್ಯಾಹ್ನ ಕುಶಲಾ ಶೆಡ್ಡಿಗೆ ಬಂದು, ಅಮ್ಮ ಊಟಕ್ಕೆ ಕರೆಯುತ್ತಾರೆ ಎಂದಳು. ಚಿಕ್ಕಪ್ಪ ಕೈ ಒರೆಸಿಕೊಂಡು ಕಿಟಕಿಯ ಹತ್ತಿರ ಹೋದ.

"ಅತ್ತಿಗೆ, ಊಟಕ್ಕೆ ಕರೆದಿರಾ?"

ಹೌದು, ಎಷ್ಟು ಸಲ ಕರೆಯುವುದು ಎಂದು ಅಡುಗೆಮನೆಯಿಂದ ಕೇಳಿತು. ಚಿಕ್ಕಪ್ಪ ಕುಶಲಾಳನ್ನು ನೋಡಿ ಎಂದಿನಂತೆ ನಕ್ಕು ಮುಂದೆ ನಡೆದ. ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಕುಶಲಾಳ ಕೆನ್ನೆ ಮಾತ್ರ ಬಿಸಿಯಾಯಿತು.

ಮರುದಿನ ಅಮ್ಮ ಮತ್ತೆ ಅವಳನ್ನೇ ಕಳುಹಿಸಿದರು. ಬಂಗುಡೆ ಮೀನಿನ ಪುಳಿಮುಂಚಿ ಆಗಿದೆ, ಬೇಗ ಬರಲಿ. ಒಂದು ಪದವೂ ಬದಲಾಗದಂತೆ ಅದನ್ನೇ ಬಾಯೊಳಗೆ ಹೇಳಿಕೊಳ್ಳುತ್ತ ಅವಳು ಅಂಗಳ ದಾಟಿದಳು. ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದಳು. ಆಮೇಲೆ, ಚಿಕ್ಕಪ್ಪ ಕಿಟಕಿಯ ಹತ್ತಿರ ಹೋಗಿ ಅಮ್ಮನನ್ನೇ ಕೇಳಿ ನೋಡಲೆಂದು, ತಾನೇ ಬದಿಗೆ ಸರಿದು ದಾರಿ ಬಿಟ್ಟಳು.