ಹನ್ನೆರಡು ರಾಕೆಟ್‌ಗಳು

"ಒಂದು... ಎರಡು... ಎರಡೂವರೆ..."

"ಏಯ್ ಮೋಸ! ಬೇಗ ಹೇಳೇ!"

"ಮೂರು! ಬಿಡ್ರೋ!"

ಎರಡನೇ ಮಹಡಿಯ ವರಾಂಡದಿಂದ ಹನ್ನೆರಡು ಕಾಗದದ ರಾಕೆಟ್‌ಗಳು ಒಟ್ಟಿಗೇ ಹಾರಿದವು. ಕೆಲವು ನೆಟ್ಟಗೆ ಹೋದವು, ಕೆಲವು ಗಿರಗಿರ ಸುತ್ತಿದವು. ಒಂದಂತೂ ಯೂ-ಟರ್ನ್ ಹೊಡೆದು ವಾಪಸ್ ವರಾಂಡಕ್ಕೇ ಬಂದು ಬಿತ್ತು.

"ಅದು ನಿಂದೇ ಕಣೇ, ಚಿನಕುರಳಿ!" ಎಂದು ಎಲ್ಲರೂ ಬಿದ್ದು ಬಿದ್ದು ನಕ್ಕರು.

ಪಟಪಟ ಅಂತ ಸದಾ ಮಾತಾಡುತ್ತಿದ್ದುದರಿಂದ ಐದನೇ ತರಗತಿಯವರು ಅವಳಿಗೆ ಇಟ್ಟ ಹೆಸರು ಅದು. ಇವತ್ತಿನ ಕಾಗದ ತಂದವಳೂ ಅವಳೇ. ಅಮ್ಮ ಕೆಲಸ ಮಾಡುವ ಕ್ಲಿನಿಕ್‌ನಲ್ಲಿ ಮೇಜಿನ ಕೆಳಗೊಂದು ಪೆಟ್ಟಿಗೆ ಇತ್ತು. ಮೆಷಿನ್ನಿಗೆ ಹಾಕಿ ಚೂರು ಚೂರು ಮಾಡಬೇಕಿದ್ದ ಹಳೆಯ ಹಾಳೆಗಳು ಅದರಲ್ಲಿದ್ದವು. ಒಳ್ಳೇ ಗಟ್ಟಿ ಕಾಗದ, ಒಂದು ಮಗ್ಗುಲು ಖಾಲಿ. ಹೇಗೂ ಹರಿದು ಹಾಕೋದು ತಾನೇ ಎಂದು ನಿನ್ನೆ ಸಂಜೆ ಹನ್ನೆರಡು ಹಾಳೆ ಬ್ಯಾಗಿಗೆ ಸೇರಿಸಿದ್ದಳು. ಖಾಲಿ ಮಗ್ಗುಲು ಮೇಲೆ ಬರುವಂತೆ ತಾನೇ ಮಡಚಿ ಎಲ್ಲರಿಗೂ ಹಂಚಿದ್ದಳು.

ವಾಪಸ್ ಬಂದ ರಾಕೆಟ್ಟಿನ ಒಂದು ರೆಕ್ಕೆ ಬಿಚ್ಚಿಕೊಂಡಿತ್ತು. ಸರಿ ಮಾಡಲು ಹೋದವಳ ಕಣ್ಣಿಗೆ ಒಂದು ಹೆಸರು ಬಿತ್ತು. ಅರೆ, ಗೋಲಿಯ ಹೆಸರು!

ಗೋಲಿ ಅಂದರೆ ಅವರ ತರಗತಿಯ ಗೋಲ್‌ಕೀಪರ್. ಅವಳನ್ನು ದಾಟಿ ಬಾಲ್ ಹೋಗುವುದೆಂದರೆ ಸುಮ್ಮನೆ ಅಲ್ಲ. ಚಿನಕುರಳಿ ಕೆಳಗಿನ ಸಾಲನ್ನೂ ಓದಿದಳು. ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಇಂಜೆಕ್ಷನ್.

ಓಹೋ! 'ಮನೆಗೆ ಫೋನ್ ಮಾಡ್ಬೇಕು' ಅಂತ ಗೋಲಿ ದಿನಾ ಊಟಕ್ಕೆ ಮುಂಚೆ ಆಫೀಸ್ ರೂಮಿಗೆ ಓಡುವುದು ಇದಕ್ಕೇನಾ?

"ಏಯ್, ಇಲ್ನೋಡ್ರೋ..." ಮಾತು ನಾಲಿಗೆ ತುದಿಗೆ ಬಂದೇಬಿಟ್ಟಿತು.

ಅಷ್ಟರಲ್ಲಿ ಕೆಳಗೆ ಮೈದಾನದಲ್ಲಿ ಗೋಲಿ ಕಂಡಳು. ಬಾಲಿಗೆ ಹಾರಿ, ಮಣ್ಣಲ್ಲಿ ಹೊರಳಿ, ಎದ್ದು ನಗುತ್ತಿದ್ದಳು. ಚಿನಕುರಳಿ ಗಪ್ಪನೆ ಬಾಯಿ ಮುಚ್ಚಿದಳು. ಹಾಳೆಯ ಕೊನೆಯಲ್ಲಿ ಹೀಗೆ ಬರೆದಿತ್ತು: ಪುಟ 1, ಒಟ್ಟು 2.

ಎರಡನೇ ಪುಟ? ಅದು ಆ ಹನ್ನೊಂದರಲ್ಲಿ ಎಲ್ಲೋ ಇದೆ! ಉಳಿದ ಹತ್ತರಲ್ಲಿ ಇನ್ಯಾರ್‍ಯಾರದೋ!

"ಕನ್ನಡಕ, ಬಾರೋ! ಎಲ್ಲಾ ರಾಕೆಟ್ ಆರಿಸ್ಬೇಕು!" ಎಂದು ದಪ್ಪ ಕನ್ನಡಕದ ಗೆಳೆಯನ ತೋಳು ಹಿಡಿದೆಳೆದಳು.

"ಯಾಕೆ? ಏನಿದೆ ಅದ್ರಲ್ಲಿ?"

"ಕೇಳ್ಬೇಡ, ಓಡು! ಬೆಲ್‌ಗೆ ಹತ್ತೇ ನಿಮಿಷ ಇದೆ! ಸಿಕ್ಕಿದ್ದನ್ನ ಬಿಚ್ಚಬೇಡ ಮಾತ್ರ!"

ಇಬ್ಬರೂ ಮೆಟ್ಟಿಲು ಎರಡೆರಡು ಹಾರಿಕೊಂಡು ಇಳಿದರು. ನಲ್ಲಿಯ ಹತ್ತಿರ ಮೂರು. ಗಿಡದಲ್ಲಿ ಎರಡು. ಸೈಕಲ್ ಸ್ಟ್ಯಾಂಡಿನ ತಗಡಿನ ಮೇಲೆ ಎರಡು! ಚಿನಕುರಳಿ ಕನ್ನಡಕನ ಹೆಗಲೇರಿದಳು.

"ಅಯ್ಯೋ, ಏನ್ ಭಾರನೇ ನೀನು! ಬೇಗ!"

"ಅಲ್ಲಾಡ್ಬೇಡ್ವೋ! ಸಿಕ್ತು, ಸಿಕ್ತು!"

ಒಂದನೇ ತರಗತಿಯ ಪುಟಾಣಿಯೊಬ್ಬಳು ತನಗೆ ಸಿಕ್ಕಿದ್ದನ್ನು ಬೆನ್ನ ಹಿಂದೆ ಅಡಗಿಸಿಕೊಂಡು "ಕೊಡಲ್ಲ" ಅಂದಳು. ಹೊಸ ರಬ್ಬರ್ ಕೊಟ್ಟ ಮೇಲೇ ಬಿಟ್ಟಿದ್ದು. ಇನ್ನೆರಡು ಪಿಟಿ ಮೇಷ್ಟ್ರ ಕೈಯಲ್ಲಿದ್ದವು.

"ಗ್ರೌಂಡಲ್ಲಿ ಕಸ ಹಾಕಿದ್ದು ಯಾರು?"

"ನಾವೇ ಸಾರ್. ಅದಕ್ಕೇ ಆರಿಸ್ತಾ ಇದೀವಿ."

ಮೇಷ್ಟ್ರು ಬಯ್ಯಲು ತೆರೆದ ಬಾಯಿ ಹಾಗೇ ಮುಚ್ಚಿ, ಎರಡನ್ನೂ ಕೊಟ್ಟುಬಿಟ್ಟರು.

ಒಟ್ಟು ಹನ್ನೊಂದು. ಇನ್ನೊಂದೆಲ್ಲಿ?

ಗೋಲ್ ಕಂಬದ ಹತ್ತಿರ ಗೋಲಿ ಒಬ್ಬಳೇ ನಿಂತಿದ್ದಳು. ಕೈಯಲ್ಲಿ ಬಿಚ್ಚಿದ ಹಾಳೆ. ಕನ್ನಡಕನನ್ನು ಅಲ್ಲೇ ನಿಲ್ಲಿಸಿ ಚಿನಕುರಳಿ ಹತ್ತಿರ ಹೋದಳು.

"ಇದು ನಂದು. ಇಲ್ಲಿಗೆ ಹೇಗ್ ಬಂತು?" ಗೋಲಿ ಹಾಳೆ ಮುಂದೆ ಹಿಡಿದು ಕೇಳಿದಳು.

"ಅಮ್ಮನ ಕ್ಲಿನಿಕ್‌ನಿಂದ ನಾನೇ ತಂದೆ. ಏನಿದೆ ಅಂತ ನೋಡಿರ್ಲಿಲ್ಲ."

"ಈಗ? ಓದಿದ್ಯಾ?"

ಇಲ್ಲ ಎಂದುಬಿಟ್ಟರೆ ಎಷ್ಟು ಸುಲಭ!

"ಮೊದಲ್ನೇ ಪುಟದಲ್ಲಿ ಸ್ವಲ್ಪ ಓದಿದೆ."

"ಯಾರಿಗ್ ಹೇಳ್ದೆ?"

"ಯಾರಿಗೂ ಇಲ್ಲ. ಕನ್ನಡಕ ಕೇಳ್ತಾನೇ ಇದಾನೆ, ಅವ್ನಿಗೂ ಹೇಳಿಲ್ಲ. ತಪ್ಪಾಯ್ತು ಕಣೇ."

ಗೋಲಿ ಹಾಳೆಯನ್ನು ನಾಲ್ಕಾಗಿ ಮಡಚಿದಳು. "ನಂಗೆ ಹೇಳ್ಬೇಕು ಅನ್ಸಿದಾಗ ನಾನೇ ಹೇಳ್ತೀನಿ. ಅದಕ್ಕೆ ಮುಂಚೇನೇ ಗೊತ್ತಾದ್ರೆ, ಬಾಲ್ ಬಂದಾಗೆಲ್ಲ ಎಲ್ರೂ 'ಪಾಪ' ಅಂತಾರೆ."

ಬೆಲ್ ಹೊಡೆಯಿತು. "ಇದನ್ನೂ ವಾಪಸ್ ಕೊಡು" ಎಂದು ಗೋಲಿ ಹಾಳೆಯನ್ನು ಚಿನಕುರಳಿಯ ಕೈಗಿಟ್ಟು ತರಗತಿಗೆ ಓಡಿದಳು.

ಶಾಲೆ ಬಿಟ್ಟ ಮೇಲೆ ಚಿನಕುರಳಿ ಸೀದಾ ಕ್ಲಿನಿಕ್‌ಗೆ ಹೋಗಿ ಹನ್ನೆರಡನ್ನೂ ಅಮ್ಮನ ಮೇಜಿನ ಮೇಲಿಟ್ಟು, ನಡೆದದ್ದನ್ನು ಒಂದೇ ಉಸಿರಿಗೆ ಹೇಳಿದಳು. ಅಮ್ಮ ಬಯ್ಯಲಿಲ್ಲ. ಎರಡು ಸಲ ಎಣಿಸಿ ಡ್ರಾಯರ್‌ಗೆ ಬೀಗ ಹಾಕಿದರು.

"ಬಾ, ಡಾಕ್ಟರಮ್ಮನಿಗೆ ಹೇಳೋಣ."

"ಎಲ್ಲಾ ಸಿಕ್ತಲ್ಲಮ್ಮ, ಹೇಳ್ಲೇಬೇಕಾ?"

"ಹೇಳ್ಲೇಬೇಕು. ನೀನು ತಗೊಂಡಿದ್ದನ್ನ ನೀನು ಹೇಳು. ಪೆಟ್ಟಿಗೆಗೆ ಬೀಗ ಹಾಕದೆ ಇಟ್ಟಿದ್ದು ನಾನು, ಅದನ್ನ ನಾನು ಹೇಳ್ತೀನಿ."

ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು: "ಇದು ಅವರವರ ವಿಷಯ. ಏನಾಯ್ತು ಅಂತ ಅವ್ರಿಗೆ ಗೊತ್ತಾಗ್ಬೇಕು. ಒಬ್ಬೊಬ್ರಿಗೂ ಈಗ್ಲೇ ಫೋನ್ ಮಾಡಿ, ಕ್ಷಮೆ ಕೇಳೋಣ."

ಅಮ್ಮ ಫೋನ್ ಹಿಡಿದು ಒಳಗಿನ ಕೋಣೆಗೆ ಹೋದರು. ಚಿನಕುರಳಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

"ನಮಸ್ಕಾರ, ಕ್ಲಿನಿಕ್‌ನಿಂದ ಮಾತಾಡ್ತಾ ಇದೀನಿ. ನಮ್ಮಿಂದ ಒಂದು ತಪ್ಪಾಗಿದೆ. ನಿಮ್ಮ ರಿಪೋರ್ಟು..." ಅಮ್ಮನ ದನಿ ತಗ್ಗಿತು. ಆ ಕಡೆಯಿಂದ ಯಾರೋ ಜೋರಾಗಿ ಏನೋ ಕೇಳುತ್ತಿದ್ದರು.

ಇನ್ನೊಂದು ಚೂರು ಬಗ್ಗಿದರೆ ಯಾರು, ಏನು, ಎಲ್ಲವೂ ಕೇಳುತ್ತಿತ್ತು.

ಚಿನಕುರಳಿ ಎದ್ದಳು. ಸದ್ದಾಗದಂತೆ ಬಾಗಿಲನ್ನು ಪೂರ್ತಿ ಎಳೆದುಕೊಂಡಳು. ಕುರ್ಚಿ ಎತ್ತಿಕೊಂಡು ಹೋಗಿ, ಆ ತುದಿಯ ಕಿಟಕಿಯ ಹತ್ತಿರ ಹಾಕಿಕೊಂಡು ಕುಳಿತಳು. ಅಲ್ಲಿ ರಸ್ತೆಯ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.